ಮೂಲ ಸರಿ, ಜೆರಾಕ್ಸ್ ಬೇರೆ (ಕ್ಯಾನ್ಸರ್ ಇತಿಹಾಸ, ಭಾಗ 6)

ಡಿಎನ್‌ಎ ಟೆಸ್ಟ್‌ನಲ್ಲಿ ಜೀನ್ ಸರಿಯಾಗೇ ಇದೆ. ಆದ್ರೂ ಅದರಿಂದ ತಯಾರಾದ ಪ್ರೋಟೀನ್ ಬೇರೆ. ಇದು ಹೇಗೆ ಸಾಧ್ಯ ಅಂತೀರಾ?

ಡಿಎನ್‌ಎ ಮೂಲ ದಾಖಲೆ, ಆರ್‌ಎನ್‌ಎ ಅದರ ಜೆರಾಕ್ಸ್ ಅಂದ್ಕೊಳ್ಳಿ. ಮೂಲವನ್ನು ಮುಟ್ಟದೆ ಜೆರಾಕ್ಸ್ ಮೇಲೆ ಒಂದಕ್ಷರ ತಿದ್ದಿದ್ರೆ? ಅದೇ ಆರ್‌ಎನ್‌ಎ ಎಡಿಟಿಂಗ್.

1986. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಾಬ್ ಬೆನ್ನೆ ತಂಡ ಟ್ರಿಪನೋಸೋಮ್ ಅನ್ನೋ ಪರಾವಲಂಬಿ ಜೀವಿಯನ್ನು ಪರೀಕ್ಷಿಸುತ್ತಿತ್ತು. ಡಿಎನ್‌ಎಯಲ್ಲಿ ಇಲ್ಲದ ನಾಲ್ಕು 'ಯು' ಅಕ್ಷರಗಳು ಆರ್‌ಎನ್‌ಎಯಲ್ಲಿ ಸಿಕ್ಕವು! ನಕಲು ಅಂದ್ರೆ ಮೂಲದ ಪಡಿಯಚ್ಚು ಅನ್ನೋ ನಂಬಿಕೆಗೆ ಅಲ್ಲೇ ಪೆಟ್ಟು ಬಿತ್ತು.

1988. ಬ್ರೆಂಡಾ ಬಾಸ್, ಹೆರಾಲ್ಡ್ ವೈನ್‌ಟ್ರಾಬ್ ಕಪ್ಪೆಯಲ್ಲಿ ಇನ್ನೊಂದು ಬಗೆ ತೋರಿಸಿದ್ರು: ಆರ್‌ಎನ್‌ಎಯ 'ಎ' ಅಕ್ಷರ ಇನೋಸಿನ್ ಆಗುತ್ತೆ, ಜೀವಕೋಶ ಅದನ್ನು 'ಜಿ' ಅಂತ ಓದುತ್ತೆ. ಈ ಕೆಲಸ ಮಾಡೋ ಕಿಣ್ವಗಳಿಗೆ ಈಗ 'ಅಡಾರ್' ಅಂತ ಹೆಸರು. ಇದು ನಮ್ಮ ದೇಹಕ್ಕೂ ಬೇಕು. ನಮ್ಮದೇ ಆರ್‌ಎನ್‌ಎಯನ್ನು ವೈರಸ್ ಅಂದ್ಕೊಂಡು ರೋಗನಿರೋಧಕ ವ್ಯವಸ್ಥೆ ಮೇಲೆ ಬೀಳದ ಹಾಗೆ ನೋಡಿಕೊಳ್ಳೋದು ಅಡಾರ್1.

ಹಾಗಾದ್ರೆ ಕ್ಯಾನ್ಸರ್ ಎಲ್ಲಿ ಬಂತು?

2001ರಲ್ಲಿ ಮೆದುಳಿನ ಗಡ್ಡೆಗಳಲ್ಲಿ ಒಂದು ಮುಖ್ಯ ಎಡಿಟಿಂಗ್ ಕಡಿಮೆಯಾಗಿರೋದು ಕಂಡಿತು. 2013ರಲ್ಲಿ ಯಕೃತ್ತಿನ ಕ್ಯಾನ್ಸರ್‌ನಲ್ಲಿ ಇದಕ್ಕೆ ತಿರುಗುಮುರುಗು: 'ಎಝಿನ್1' ಜೀನಿನ ಆರ್‌ಎನ್‌ಎಯಲ್ಲಿ ಎಡಿಟಿಂಗ್ ಅತಿಯಾಗಿತ್ತು. ಒಂದೇ ಅಕ್ಷರ ಬದಲಾಗಿ, ಸೆರೀನ್ ಇರಬೇಕಾದ ಜಾಗಕ್ಕೆ ಗ್ಲೈಸಿನ್ ಬಂತು. ಅಷ್ಟಕ್ಕೇ ಪ್ರೋಟೀನ್ ಜೀವಕೋಶದ ಬೆಳವಣಿಗೆಗೆ ಇನ್ನಷ್ಟು ಕುಮ್ಮಕ್ಕು ಕೊಟ್ಟಿತು. ಹೆಚ್ಚಾದ್ರೂ ತೊಂದರೆ, ಕಡಿಮೆಯಾದ್ರೂ ತೊಂದರೆ.

2015. ಹ್ಯೂಸ್ಟನ್‌ನ ಹಾನ್ ಲಿಯಾಂಗ್ ತಂಡ 17 ಬಗೆಯ ಕ್ಯಾನ್ಸರ್‌ಗಳ 6,236 ಮಾದರಿಗಳನ್ನು ಜಾಲಾಡಿತು. ಕೆಲವು ಎಡಿಟಿಂಗ್ ಜಾಗಗಳಿಗೂ ರೋಗದ ಹಂತ, ರೋಗಿಗಳು ಬದುಕಿದ ಅವಧಿಗೂ ನಂಟು ಕಂಡಿತು.

ಇಲ್ಲಿ ಸ್ವಲ್ಪ ನಿಂತು ಓದಿ. ನಂಟು ಅಂದ್ರೆ ಕಾರಣ ಅಲ್ಲ. ನೂರಾರು ರೋಗಿಗಳನ್ನು ಒಟ್ಟಿಗೆ ನೋಡಿದಾಗ ಕಾಣೋ ಲೆಕ್ಕ, ನಿಮ್ಮ ಮನೆಯ ಒಬ್ಬರ ಭವಿಷ್ಯ ಹೇಳೋ ಜಾತಕ ಆಗಲ್ಲ. ಆದ್ರೆ ಎಲ್ಲಿ ಹುಡುಕಬೇಕು ಅಂತ ಅದು ತೋರಿಸುತ್ತೆ. 2019ರಲ್ಲಿ ಇಲಿಗಳ ಗಡ್ಡೆಗಳಿಂದ ಅಡಾರ್1 ತೆಗೆದಾಗ, ಮೊದಲು ಬಗ್ಗದಿದ್ದ ಗಡ್ಡೆಗಳೂ ಇಮ್ಯುನೋಥೆರಪಿಗೆ ಬಗ್ಗಿದವು. ಗಡ್ಡೆಯನ್ನು ಮರೆಮಾಡ್ತಿದ್ದ ತೆರೆ ಸರಿದ ಹಾಗೆ. ಅದು ಇಲಿಗಳಲ್ಲಿ, ನೆನಪಿರಲಿ.

1986ರಲ್ಲಿ ಒಂದು ಪರಾವಲಂಬಿಯಲ್ಲಿ ಕಂಡ ನಾಲ್ಕು ಅಕ್ಷರ ಇಲ್ಲಿವರೆಗೆ ಕರ್ಕೊಂಡು ಬಂತು. ಮೂಲ ಮಾತ್ರ ಓದಿದ್ರೆ ಸಾಲದು, ಜೆರಾಕ್ಸನ್ನೂ ಓದ್ಬೇಕು.

ಸೇವ್ ಮಾಡ್ಕೊಳ್ಳಿ, ಪ್ರಶ್ನೆ ಇದ್ರೆ ಕೇಳಿ.

#ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ #ಕ್ಯಾನ್ಸರ್ಇತಿಹಾಸ