ಪತ್ರಿಕೆಯ ಬೆಂಬಲಕ್ಕೆ ಬೆಲೆಯೆಷ್ಟು? ಅಮೆರಿಕದ ಚುನಾವಣಾ ಸಂಪಾದಕೀಯಗಳ ಏಳುಬೀಳು

2024ರ ಅಕ್ಟೋಬರ್ 25. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಉಳಿದಿದ್ದುದು ಕೇವಲ ಹನ್ನೊಂದು ದಿನ. ಅಂದು 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ಆಗಿನ ಪ್ರಕಾಶಕ ವಿಲಿಯಂ ಲೂಯಿಸ್ ಓದುಗರಿಗೆ ಒಂದು ಪ್ರಕಟಣೆ ನೀಡಿದರು. ಈ ಬಾರಿ ಮಾತ್ರವಲ್ಲ, ಇನ್ನು ಮುಂದಿನ ಯಾವ ಅಧ್ಯಕ್ಷೀಯ ಚುನಾವಣೆಯಲ್ಲೂ ಪತ್ರಿಕೆ ಯಾರಿಗೂ ಬೆಂಬಲ ಘೋಷಿಸುವುದಿಲ್ಲ ಎಂಬುದು ಅದರ ಸಾರಾಂಶ. ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರನ್ನು ಬೆಂಬಲಿಸುವ ಸಂಪಾದಕೀಯದ ಕರಡು ಅಷ್ಟು ಹೊತ್ತಿಗಾಗಲೇ ಸಿದ್ಧವಾಗಿತ್ತು. ಮುಂದಿನ ಕೆಲವೇ ದಿನಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಚಂದಾ ರದ್ದುಪಡಿಸಿದರೆಂದು ಅಲ್ಲಿನ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್ ವರದಿ ಮಾಡಿತು.

ಪತ್ರಿಕೆಯ ಬೆಂಬಲದಿಂದ ಮತದಾರ ಮನಸ್ಸು ಬದಲಾಯಿಸುವುದಿಲ್ಲ ಎಂಬುದು ಹಳೆಯ ಮಾತು. ಹಾಗಿದ್ದರೆ ಪತ್ರಿಕೆಯೊಂದರ ಮೌನಕ್ಕೆ ಇಷ್ಟು ದೊಡ್ಡ ಬೆಲೆ ತೆರಬೇಕಾಗಿ ಬಂದುದೇಕೆ? ಈ ಪದ್ಧತಿ ಬೆಳೆದುಬಂದ ಬಗೆಯನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ.

ಏನಿದು ಪದ್ಧತಿ?

ಚುನಾವಣೆಯ ಮುನ್ನ ಇಂಥ ಅಭ್ಯರ್ಥಿಯೇ ಯೋಗ್ಯರೆಂದು ಪತ್ರಿಕೆ ತನ್ನ ಸಂಪಾದಕೀಯದಲ್ಲಿ ಹೆಸರು ಹೇಳಿ ಶಿಫಾರಸು ಮಾಡುವುದೇ ಬೆಂಬಲ ಘೋಷಣೆ. ಇದನ್ನು ನಿರ್ಧರಿಸುವುದು ಸಂಪಾದಕೀಯ ಮಂಡಳಿ. ಸುದ್ದಿ ವಿಭಾಗದ ವರದಿಗಾರರಿಗೆ ಈ ನಿರ್ಧಾರದಲ್ಲಿ ಪಾತ್ರವಿರಕೂಡದು ಎಂಬುದು ದೊಡ್ಡ ಪತ್ರಿಕೆಗಳು ಪಾಲಿಸಿಕೊಂಡು ಬಂದ ನಿಯಮ. ಮಂಡಳಿ ಅಭ್ಯರ್ಥಿಗಳನ್ನು ಕರೆಸಿ ಪ್ರಶ್ನಿಸುತ್ತದೆ, ಅವರ ಹಿಂದಿನ ಸಾಧನೆಯನ್ನು ಪರಿಶೀಲಿಸುತ್ತದೆ, ಚರ್ಚಿಸಿ ಒಂದು ತೀರ್ಮಾನಕ್ಕೆ ಬರುತ್ತದೆ. ಸಂಪಾದಕೀಯದ ಕೆಳಗೆ ಬರೆದವರ ಹೆಸರಿರುವುದಿಲ್ಲ. ಅದು ಪತ್ರಿಕೆಯ ದನಿ. ಆದರೆ ಕೊನೆಯ ಮಾತು ಹೇಳುವ ಹಕ್ಕು ಬಹುತೇಕ ಮಾಲೀಕರದು ಅಥವಾ ಪ್ರಕಾಶಕರದು. ವಿವಾದದ ಬೀಜ ಇರುವುದು ಇಲ್ಲಿಯೇ.

ಅಧ್ಯಕ್ಷ ಸ್ಥಾನಕ್ಕಷ್ಟೇ ಈ ಶಿಫಾರಸು ಸೀಮಿತವಲ್ಲ. ನಗರದ ಮೇಯರ್, ಶಾಲಾ ಮಂಡಳಿಯ ಸದಸ್ಯರು, ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರು ಕೂಡ ಅಲ್ಲಿ ಮತದಿಂದಲೇ ಆಯ್ಕೆಯಾಗುತ್ತಾರೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಕಾನೂನು ಪ್ರಸ್ತಾವಗಳೂ ಜನರ ಮತಕ್ಕೆ ಬರುತ್ತವೆ. ಹೆಸರೇ ಕೇಳಿರದ ಹತ್ತಾರು ಅಭ್ಯರ್ಥಿಗಳ ಪಟ್ಟಿ ಹಿಡಿದು ನಿಂತ ಮತದಾರನಿಗೆ ಊರಿನ ಪತ್ರಿಕೆಯ ಶಿಫಾರಸೇ ಕೈದೀಪವಾಗುತ್ತಿತ್ತು.

ಪಕ್ಷದ ಪತ್ರಿಕೆಯಿಂದ ಸ್ವತಂತ್ರ ಪತ್ರಿಕೆಗೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬಹುತೇಕ ಪತ್ರಿಕೆಗಳು ಯಾವುದಾದರೊಂದು ಪಕ್ಷದ ಮುಖವಾಣಿಗಳೇ ಆಗಿದ್ದವು. ಈ ಗುರುತು ಕೆಲವು ಪತ್ರಿಕೆಗಳ ಹೆಸರಿನಲ್ಲೇ ಇತ್ತು. 1890ರಲ್ಲಿ ಆರಂಭವಾದ 'ಅರಿಜೋನಾ ರಿಪಬ್ಲಿಕನ್' ತನ್ನ ಹೆಸರನ್ನು 'ಅರಿಜೋನಾ ರಿಪಬ್ಲಿಕ್' ಎಂದು ಬದಲಾಯಿಸಿಕೊಂಡದ್ದು 1930ರಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಸುದ್ದಿಯನ್ನೂ ಅಭಿಪ್ರಾಯವನ್ನೂ ಬೇರ್ಪಡಿಸುವ ಕ್ರಮ ಬಲಗೊಂಡಿತು. ಆದರೂ ಸಂಪಾದಕೀಯ ಪುಟದಲ್ಲಿ ಅಭ್ಯರ್ಥಿಯನ್ನು ಶಿಫಾರಸು ಮಾಡುವ ರೂಢಿ ಉಳಿದುಕೊಂಡಿತು.

ಪತ್ರಿಕೆಗಳು ಹೇಳಿದಂತೆ ಜನ ಮತ ಹಾಕಿದರೇ? ಎಷ್ಟೋ ಬಾರಿ ಇಲ್ಲ. 1936ರಲ್ಲಿ ಬಹುಪಾಲು ಪತ್ರಿಕೆಗಳು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ವಿರೋಧಿಸಿದ್ದವು. ಅವರು 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. 1948ರಲ್ಲಿಯೂ ಹೆಚ್ಚಿನ ಪತ್ರಿಕೆಗಳ ಒಲವು ಥಾಮಸ್ ಡ್ಯೂಯಿ ಅವರ ಕಡೆಗಿತ್ತು. ಗೆದ್ದವರು ಹ್ಯಾರಿ ಟ್ರೂಮನ್.

ಅನಿರೀಕ್ಷಿತ ಮಾತಿಗೇ ತೂಕ

ಹಾಗೆಂದು ಶಿಫಾರಸು ಸಂಪೂರ್ಣ ನಿಷ್ಫಲವೇನಲ್ಲ. ಅರ್ಥಶಾಸ್ತ್ರಜ್ಞರಾದ ಚುನ್-ಫಾಂಗ್ ಚಿಯಾಂಗ್ ಮತ್ತು ಬ್ರಯಾನ್ ನೈಟ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮಹತ್ವದ್ದು. ಅವರ ಪ್ರಕಾರ ಸದಾ ಡೆಮಾಕ್ರಟಿಕ್ ಪಕ್ಷದತ್ತ ವಾಲುವ ಪತ್ರಿಕೆ ಅದೇ ಪಕ್ಷದ ಅಭ್ಯರ್ಥಿಯನ್ನು ಬೆಂಬಲಿಸಿದರೆ ಓದುಗರ ಮೇಲೆ ಆಗುವ ಪರಿಣಾಮ ಅಲ್ಪ. ತಟಸ್ಥ ಪತ್ರಿಕೆಯೋ ಎದುರು ಪಕ್ಷದತ್ತ ವಾಲುವ ಪತ್ರಿಕೆಯೋ ಆ ಮಾತನ್ನು ಹೇಳಿದರೆ ಪರಿಣಾಮ ಹೆಚ್ಚು. ಅಂದರೆ, ಓದುಗ ನಿರೀಕ್ಷಿಸಿರದ ಮಾತಿಗೇ ತೂಕ.

1847ರಲ್ಲಿ ಸ್ಥಾಪನೆಯಾದ, ರಿಪಬ್ಲಿಕನ್ ಪಕ್ಷದ ನಿಷ್ಠಾವಂತ ಬೆಂಬಲಿಗನೆಂದೇ ಹೆಸರಾದ 'ಷಿಕಾಗೊ ಟ್ರಿಬ್ಯೂನ್' 2008ರಲ್ಲಿ ಬರಾಕ್ ಒಬಾಮ ಅವರನ್ನು ಬೆಂಬಲಿಸಿತು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ತಾನು ಬೆಂಬಲಿಸುತ್ತಿರುವುದು ಇದೇ ಮೊದಲು ಎಂದು ಪತ್ರಿಕೆಯೇ ಬರೆದುಕೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ, 1956ರಲ್ಲಿ ಐಸೆನ್‌ಹೋವರ್ ಅವರನ್ನು ಬೆಂಬಲಿಸಿದ ನಂತರ 2024ರವರೆಗೆ 'ನ್ಯೂಯಾರ್ಕ್ ಟೈಮ್ಸ್' ಒಬ್ಬ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿಯನ್ನೂ ಬೆಂಬಲಿಸಿಲ್ಲ. ಅದರ ಶಿಫಾರಸು ಯಾರ ಪರ ಎಂಬುದನ್ನು ಓದುಗ ಪತ್ರಿಕೆ ಬಿಡಿಸುವ ಮುನ್ನವೇ ಊಹಿಸಬಲ್ಲ.

ಧ್ರುವೀಕರಣದ ಹೊಡೆತ

2012ರಲ್ಲಿ ಅತಿ ಹೆಚ್ಚು ಪ್ರಸಾರವುಳ್ಳ 100 ಪತ್ರಿಕೆಗಳ ಪೈಕಿ 41 ಒಬಾಮ ಅವರನ್ನೂ 35 ಮಿಟ್ ರಾಮ್ನಿ ಅವರನ್ನೂ ಬೆಂಬಲಿಸಿದ್ದವು. ನಾಲ್ಕೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 2016ರಲ್ಲಿ ಇಂಥದೇ 100 ಪತ್ರಿಕೆಗಳಲ್ಲಿ 57 ಹಿಲರಿ ಕ್ಲಿಂಟನ್ ಪರ ನಿಂತರೆ, ಡೊನಾಲ್ಡ್ ಟ್ರಂಪ್ ಪರ ನಿಂತವು ಎರಡೇ. ಗೆದ್ದವರು ಟ್ರಂಪ್.

ಆ ವರ್ಷ 'ಅರಿಜೋನಾ ರಿಪಬ್ಲಿಕ್' ತನ್ನ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಡೆಮಾಕ್ರಟಿಕ್ ಅಧ್ಯಕ್ಷೀಯ ಅಭ್ಯರ್ಥಿಯನ್ನು ಬೆಂಬಲಿಸಿತು. ಹಿಂದಿನ ಕಾಲವಾಗಿದ್ದರೆ ಇದು ಅತ್ಯಂತ ಪ್ರಭಾವಶಾಲಿ ಶಿಫಾರಸು ಎನಿಸಿಕೊಳ್ಳುತ್ತಿತ್ತು. ಆದರೆ ಪತ್ರಿಕೆಗೆ ಬಂದದ್ದು ಕೊಲೆ ಬೆದರಿಕೆ, ಚಂದಾದಾರರೂ ಬಿಟ್ಟುಹೋದರು. ಅರಿಜೋನಾ ರಾಜ್ಯ ಟ್ರಂಪ್ ಅವರಿಗೇ ಒಲಿಯಿತು. ಅನಿರೀಕ್ಷಿತ ಮಾತನ್ನು 'ಯೋಚಿಸಬೇಕಾದ ಮಾತು' ಎಂದು ಸ್ವೀಕರಿಸುವ ಬದಲು 'ದ್ರೋಹ' ಎಂದು ಎಣಿಸುವ ಓದುಗವರ್ಗ ಬೆಳೆದಿತ್ತು.

ನಂಬಿಕೆಯೂ ಪಕ್ಷದ ಗೆರೆಯಲ್ಲಿಯೇ ಸೀಳಿಹೋಗಿದೆ. ಗ್ಯಾಲಪ್ ಸಮೀಕ್ಷೆಯಂತೆ 1976ರಲ್ಲಿ ಶೇ 72ರಷ್ಟು ಅಮೆರಿಕನ್ನರು ಸುದ್ದಿ ಮಾಧ್ಯಮಗಳನ್ನು ನಂಬುತ್ತಿದ್ದರು. 2024ರಲ್ಲಿ ಈ ಪ್ರಮಾಣ ಶೇ 31ಕ್ಕೆ ಕುಸಿಯಿತು. ಡೆಮಾಕ್ರಟರಲ್ಲಿ ಅದು ಶೇ 54 ಇದ್ದರೆ ರಿಪಬ್ಲಿಕನ್ನರಲ್ಲಿ ಕೇವಲ ಶೇ 12.

ಹಿಂದೆ ಸರಿದ ಪತ್ರಿಕೆಗಳು

ಇಂಥ ಸನ್ನಿವೇಶದಲ್ಲಿ ಹಲವು ಪತ್ರಿಕೆಗಳು ಈ ರೂಢಿಯನ್ನೇ ಕೈಬಿಟ್ಟವು. ಆಲ್ಡೆನ್ ಗ್ಲೋಬಲ್ ಕ್ಯಾಪಿಟಲ್ ಹಿಡಿತದಲ್ಲಿರುವ ಪತ್ರಿಕೆಗಳು ಅಧ್ಯಕ್ಷ, ಸೆನೆಟ್ ಹಾಗೂ ಗವರ್ನರ್ ಸ್ಥಾನಗಳಿಗೆ ಶಿಫಾರಸು ನಿಲ್ಲಿಸುವುದಾಗಿ 2022ರಲ್ಲಿ ಪ್ರಕಟಿಸಿದವು. 2024ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಅಧ್ಯಕ್ಷೀಯ ಶಿಫಾರಸನ್ನು ಉಳಿಸಿಕೊಂಡು ನ್ಯೂಯಾರ್ಕ್‌ನ ಸ್ಥಳೀಯ ಚುನಾವಣೆಗಳ ಶಿಫಾರಸಿಗೆ ವಿದಾಯ ಹೇಳಿತು. ಮತದಾರನಿಗೆ ನಿಜಕ್ಕೂ ನೆರವಿನ ಅಗತ್ಯವಿದ್ದ ಕಡೆಯೇ ದೀಪ ಆರಿತು ಎಂಬ ಟೀಕೆಗೆ ಇದು ಎಡೆಮಾಡಿತು.

'ಲಾಸ್ ಏಂಜಲಿಸ್ ಟೈಮ್ಸ್'ನಲ್ಲಿಯೂ ಅದೇ ಅಕ್ಟೋಬರ್‌ನಲ್ಲಿ ಹ್ಯಾರಿಸ್ ಪರ ಸಂಪಾದಕೀಯಕ್ಕೆ ಮಾಲೀಕ ಪ್ಯಾಟ್ರಿಕ್ ಸೂನ್-ಶಿಯಾಂಗ್ ತಡೆಯೊಡ್ಡಿದರು. ಸಂಪಾದಕೀಯ ವಿಭಾಗದ ಮುಖ್ಯಸ್ಥೆ ಮ್ಯಾರಿಯಲ್ ಗಾರ್ಜಾ ರಾಜೀನಾಮೆ ನೀಡಿದರು. ಮಂಡಳಿಯ ಇನ್ನಿಬ್ಬರು ಅವರನ್ನು ಹಿಂಬಾಲಿಸಿದರು.

'ವಾಷಿಂಗ್ಟನ್ ಪೋಸ್ಟ್' ಮಾಲೀಕ ಜೆಫ್ ಬೆಜೋಸ್ ತಮ್ಮ ನಿಲುವನ್ನು ಲೇಖನವೊಂದರಲ್ಲಿ ಸಮರ್ಥಿಸಿಕೊಂಡರು. ಬೆಂಬಲ ಘೋಷಣೆಯಿಂದ ಫಲಿತಾಂಶ ಬದಲಾಗದು, ಪತ್ರಿಕೆ ಪಕ್ಷಪಾತಿ ಎಂಬ ಭಾವನೆಯಷ್ಟೇ ಉಳಿಯುತ್ತದೆ ಎಂಬುದು ಅವರ ವಾದ. ಈ ನಿರ್ಧಾರವನ್ನು ಇನ್ನಷ್ಟು ಮೊದಲೇ ಕೈಗೊಳ್ಳಬೇಕಿತ್ತು ಎಂದೂ ಅವರು ಒಪ್ಪಿಕೊಂಡರು.

ವಾದದಲ್ಲಿ ಹುರುಳಿಲ್ಲದಿಲ್ಲ. 'ಪೋಸ್ಟ್' ನಿಯತವಾಗಿ ಅಧ್ಯಕ್ಷೀಯ ಶಿಫಾರಸು ಆರಂಭಿಸಿದ್ದೇ 1976ರಲ್ಲಿ. 1988ರಲ್ಲಿ ಅದು ಯಾರನ್ನೂ ಬೆಂಬಲಿಸಿರಲಿಲ್ಲ. 'ಲಾಸ್ ಏಂಜಲಿಸ್ ಟೈಮ್ಸ್' ಕೂಡ 1972ರ ನಂತರ 2008ರವರೆಗೆ ಅಧ್ಯಕ್ಷೀಯ ಚುನಾವಣೆಗಳಲ್ಲಿ ಮೌನವಾಗಿತ್ತು. ಆ ಮೌನಗಳಿಗೆ ಯಾರೂ ಈ ಪರಿ ಸಿಡಿದೇಳಲಿಲ್ಲ. 2024ರಲ್ಲಿ ಓದುಗರನ್ನು ಕೆರಳಿಸಿದ್ದು ಮೌನವಲ್ಲ. ಮತದಾನಕ್ಕೆ ಎರಡು ವಾರವೂ ಇಲ್ಲದಿರುವಾಗ, ಮಂಡಳಿ ಬರೆದದ್ದನ್ನು ಬದಿಗಿಟ್ಟು, ಸರ್ಕಾರದೊಂದಿಗೆ ಬೇರೆ ವ್ಯವಹಾರಗಳೂ ಇರುವ ಮಾಲೀಕರೊಬ್ಬರು ಹೇರಿದ ಮೌನ.

ಉಳಿದ ಪ್ರಶ್ನೆ

ಭಾರತದ ಪತ್ರಿಕೆಗಳಲ್ಲಿ ಇಂಥ ವಿಧ್ಯುಕ್ತ ಬೆಂಬಲ ಘೋಷಣೆಯ ಸಂಪ್ರದಾಯ ಬೇರೂರಿಲ್ಲ. ಇಲ್ಲಿ ಚುನಾವಣೆ ಬಂದಾಗ ಚರ್ಚೆಗೆ ಬರುವುದು 'ಕಾಸಿಗಾಗಿ ಸುದ್ದಿ'. ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ಈ ಪಿಡುಗಿನ ಬಗ್ಗೆ ವರದಿಯನ್ನೇ ನೀಡಿತು. ಬಹಿರಂಗವಾಗಿ ಹೇಳಿದ ಒಲವನ್ನು ಓದುಗ ಒಪ್ಪಬಹುದು, ತಳ್ಳಿಹಾಕಬಹುದು. ಸುದ್ದಿಯ ವೇಷದಲ್ಲಿ ಬರುವ ಒಲವಿನೆದುರು ಅವನಿಗೆ ಆ ಅವಕಾಶವೇ ಇರುವುದಿಲ್ಲ.

ಆದ್ದರಿಂದ ಪತ್ರಿಕೆ ಬೆಂಬಲ ಘೋಷಿಸಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆಯಲ್ಲ. ಹೇಳುವ ಮಾತಾಗಲಿ, ಹೇಳದೆ ಉಳಿದ ಮಾತಾಗಲಿ, ಅದನ್ನು ತೀರ್ಮಾನಿಸಿದವರು ಯಾರು, ಯಾವಾಗ, ಯಾವ ಕಾರಣಕ್ಕೆ ಎಂಬುದು ಓದುಗನಿಗೆ ತಿಳಿದಿರಬೇಕು. ಎರಡೂವರೆ ಲಕ್ಷ ಚಂದಾದಾರರು ಕೇಳಿದ್ದು ಈ ಲೆಕ್ಕವನ್ನೇ.