ಚಳಿಯ ನಾಡಿಗೆ ಹೊರಟವರ ಉಡುಪು

ಉಡುಪೆಂಬುದು ಮೊದಲು ಹವೆಯ ಮಾತು; ಅಲಂಕಾರದ ಮಾತು ಆಮೇಲಿನದು. ಶಂಕರನಾರಾಯಣದ ಸುತ್ತಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಕರಾವಳಿಯ ಸೆಕೆಗೆ ಒಂದು ಪಂಚೆ, ಒಂದು ಬೈರಾಸು ಸಾಕಾಗುತ್ತಿತ್ತು. ಆದರೆ ಸಿದ್ದಾಪುರ, ಹೊಸಂಗಡಿಗಳನ್ನು ದಾಟಿ, ಬಾಳೆಬರೆ ಘಾಟಿಯನ್ನೇರಿ ನಗರದ ಸೀಮೆಗೆ ಹೋಗುವವನಿಗೆ ಕಂಬಳಿಯಿಲ್ಲದೆ ನಡೆಯುತ್ತಿರಲಿಲ್ಲ. ನೆತ್ತಿಯಿಂದ ಬೆನ್ನಿಗೆ ಇಳಿಬಿಟ್ಟರೆ ಅದು ಕೊಪ್ಪೆ. ರಾತ್ರಿ ಹಾಸಿದರೆ ಹಾಸಿಗೆ, ಹೊದೆದರೆ ಹೊದಿಕೆ.

ಈ ಕಂಬಳಿಯ ಹಿರಿಮೆ ಹಳೆಯದು. ‘ಕಂಬಲ್ಯ’ ಎಂಬ ಶಬ್ದದ ಸಿದ್ಧಿಗಾಗಿಯೇ ಪಾಣಿನಿಯು ಒಂದು ಸೂತ್ರವನ್ನು ರಚಿಸಿದ್ದಾನೆ. ನೂರು ಪಲ ತೂಕದ ಉಣ್ಣೆಯೆಂದು ಕಾಶಿಕಾವೃತ್ತಿಯು ಅದಕ್ಕೆ ಅರ್ಥ ಹೇಳುತ್ತದೆ. ಉಣ್ಣೆಗೆ ಗೊತ್ತಾದ ಒಂದು ತೂಕವೂ, ಆ ತೂಕಕ್ಕೊಂದು ಹೆಸರೂ ಅಂದಿಗೇ ಇದ್ದುವೆಂದಾಯಿತು. ನಮ್ಮ ಬಯಲುಸೀಮೆಯ ಕುರುಬರು ಕುರಿಯ ತುಪ್ಪಟವನ್ನು ನೂತು, ಹುಣಸೆಬೀಜದ ಗಂಜಿ ಕೊಟ್ಟು ನೆಯ್ದ ಕಂಬಳಿಗೆ ಚಳ್ಳಕೆರೆ ಹೆಸರಾದ ಊರು. ಉಣ್ಣೆಯ ಎಳೆ ಸುರುಳಿಯಾದುದು. ಅದರ ಸಂದುಗಳಲ್ಲಿ ಗಾಳಿ ನಿಲ್ಲುತ್ತದೆ, ನಿಂತ ಗಾಳಿ ಮೈಯ ಕಾವನ್ನು ಹೊರಗೆ ಬಿಡದು. ತುಸು ನೆನೆದರೂ ಉಣ್ಣೆ ಬೆಚ್ಚಗಿರುತ್ತದೆ. ನೆನೆದ ಹತ್ತಿಯಾದರೋ ಕಾವನ್ನೇ ಹೀರುತ್ತದೆ.

ಇಷ್ಟು ತಿಳಿವಳಿಕೆಯಿದ್ದ ನಾಡಿನವರೂ ಕಡಲು ದಾಟುವಾಗ ಮರೆತದ್ದುಂಟು. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಿಂದ ಹಡಗನ್ನೇರಿದರು. ಅವರ ಪ್ರಯಾಣಕ್ಕಾಗಿ ಮನೆಮನೆಗೆ ಹೋಗಿ ಹಣ ಕೂಡಿಸಿದವರಲ್ಲಿ ಮುಖ್ಯರು ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಉಪಾಧ್ಯಾಯರಾಗಿದ್ದ ಅಳಸಿಂಗ ಪೆರುಮಾಳರು. ಖೇತ್ರಿಯ ಅರಸರು ನಿಲುವಂಗಿ, ರುಮಾಲುಗಳನ್ನು ಕೊಟ್ಟಿದ್ದರು. ಭಕ್ತಿಗೆ ಕೊರತೆಯಿರಲಿಲ್ಲ, ಬೆಚ್ಚನೆಯ ಬಟ್ಟೆಯ ನೆನಪು ಮಾತ್ರ ಯಾರಿಗೂ ಬರಲಿಲ್ಲ. ಮದರಾಸಿನಲ್ಲಿ ಜುಲೈ ಎಂದರೆ ಸೆಕೆಯಲ್ಲವೆ? ಅದೇ ಜುಲೈಯಲ್ಲಿ ಜಪಾನಿನಿಂದ ವ್ಯಾಂಕೂವರಿಗೆ ಹೋಗುವ ಉತ್ತರ ಶಾಂತಸಾಗರದ ಹಾದಿಯಲ್ಲಿ ಸ್ವಾಮಿಗಳು ಚಳಿಯಿಂದ ಬಹಳ ಬಳಲಿದರು. ಆಗಸ್ಟ್ 20ರಂದು ಅಳಸಿಂಗರಿಗೆ ಬರೆದ ಪತ್ರದಲ್ಲಿ ಇದನ್ನು ತಿಳಿಸಿ, ಮುಂಬರುವ ಚಳಿಗೆ ಅಲ್ಲಿಯವರಿಗಿಂತ ನಮ್ಮವರಿಗೆ ಹೆಚ್ಚು ಉಡುಪು ಬೇಕೆಂದರು. ಬೀದಿಗೆ ಉದ್ದನೆಯ ಕರಿಯ ಕೋಟು, ಉಪನ್ಯಾಸಕ್ಕೆ ನಿಲುವಂಗಿ ಮತ್ತು ರುಮಾಲು ಎಂಬ ಏರ್ಪಾಟನ್ನು ಸೂಚಿಸಿದವರು ಆ ನಾಡಿನ ಮಹಿಳೆಯರು. ಸ್ವಾಮಿಗಳು ಅದನ್ನು ಸಂಕೋಚವಿಲ್ಲದೆ ಒಪ್ಪಿದರು.

ಒಬ್ಬರ ವಿಷಯದಲ್ಲಿ ಆದ ಮರೆವು ಬರಿಯ ಬಳಲಿಕೆಯಲ್ಲಿ ಮುಗಿಯಿತು. ನಾಡೇ ಮರೆತರೆ ತೆರಬೇಕಾದ ಬೆಲೆ ದೊಡ್ಡದು. 1962ರ ಅಕ್ಟೋಬರ್ 20ರಂದು ನಾಮ್ಕಾ ಚು ಕಣಿವೆಯಲ್ಲಿ ಚೀನೀ ಸೇನೆ ಮೇಲೆ ಬಿದ್ದಾಗ, ಹಿಮಾಲಯದ ಆ ಚಳಿಯಲ್ಲಿ ನಮ್ಮ ಎಷ್ಟೋ ಯೋಧರ ಮೈಮೇಲಿದ್ದುದು ಬೇಸಗೆಯ ಹತ್ತಿಯ ಸಮವಸ್ತ್ರ. ಧೈರ್ಯವು ಉಣ್ಣೆಯ ಕೆಲಸವನ್ನು ಮಾಡಲಾರದು.

ಇಂದು ನಮ್ಮ ಕರಾವಳಿಯ ಮಕ್ಕಳು ಓದಿಗೂ ಉದ್ಯೋಗಕ್ಕೂ ಹಿಮ ಬೀಳುವ ನಾಡುಗಳಿಗೆ ಹೋಗುತ್ತಾರೆ. ತಾಯಂದಿರು ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಗಳನ್ನು ಮರೆಯದೆ ತುಂಬುತ್ತಾರೆ, ಒಳ್ಳೆಯದೇ. ಆದರೆ ಬಟ್ಟೆಯನ್ನು ಊರಿನ ಸೆಕೆಯಲ್ಲಿ ಕುಳಿತು ಊಹೆಯಿಂದ ಆರಿಸಬಾರದು. ಒಂದೇ ದಪ್ಪ ಕೋಟಿಗಿಂತ, ಒಂದರ ಮೇಲೊಂದು ತೊಡುವ ಎರಡು ಮೂರು ಉಡುಪುಗಳ ನಡುವೆ ನಿಲ್ಲುವ ಗಾಳಿ ಹೆಚ್ಚು ಕಾಯುತ್ತದೆ. ಸೆಕೆಯಾದರೆ ಒಂದನ್ನು ಕಳಚಲೂ ಬರುತ್ತದೆ. ಉಳಿದುದನ್ನು ಅಲ್ಲಿ ಒಂದು ಚಳಿಗಾಲವನ್ನಾದರೂ ಕಳೆದವರನ್ನು ಕೇಳಿ ಕೊಳ್ಳುವುದೇ ಲೇಸು. ಘಟ್ಟ ಹತ್ತುವ ಮುನ್ನ ಮೇಲಿನಿಂದ ಇಳಿದು ಬಂದವನನ್ನು ಮಳೆಗಾಳಿಯ ಸುದ್ದಿ ಕೇಳುವುದಿಲ್ಲವೆ? ಇದೂ ಹಾಗೆಯೇ.