ಎರಡು ಸಲ ಮೌನಕ್ಕೆ ಸರಿದ ಹಾಡುಗಾರ

1966ರ ಕೊನೆಯಲ್ಲಿ ಲಂಡನ್ನಿನ ಹದಿನೆಂಟರ ಹುಡುಗನೊಬ್ಬ ಒಂದು ಕಂಪೆನಿಯ ನೌಕರರ ಮೇಲೆ ಹಾಡು ಕಟ್ಟಿ ಹಾಡಿದ. ಬೆಳಿಗ್ಗೆ ಓಡೋಡಿ ರೈಲು ಹಿಡಿಯುವವರು, ಗಡಿಯಾರಕ್ಕೆ ಅಂಜುವವರು, ಸಂಬಳ ಹೆಚ್ಚಿಸಿರೆಂದು ಧಣಿಯನ್ನು ಕೇಳಲು ಬಾಯಿ ಬಾರದವರು. 'ಮ್ಯಾಥ್ಯೂ ಆಂಡ್ ಸನ್' ಎಂಬ ಆ ಹಾಡು ಮರುವರ್ಷದ ಆರಂಭದಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ಚಂದಾಪುರದಲ್ಲಿ ಬದುಕುವ ನಮಗೆ ಈ ಹಾಡನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳಿಗೆ ಮೊದಲ ಶಿಫ್ಟಿಗೆ ಹೊರಟವರು ಹೊಸೂರು ರಸ್ತೆಯ ಬದಿಯಲ್ಲಿ ಕಂಪೆನಿ ಬಸ್ಸಿಗೆ ಕಾದು ನಿಲ್ಲುವುದನ್ನು ನಾವು ದಿನವೂ ನೋಡುತ್ತೇವೆ.

ಆ ಹುಡುಗ ಆಗ ಕ್ಯಾಟ್ ಸ್ಟೀವನ್ಸ್. ಮುಸ್ಲಿಮ್ ಓದುಗರು ಅವರನ್ನು ಯೂಸುಫ್ ಇಸ್ಲಾಮ್ ಎಂದು ಬಲ್ಲರು. ನಮ್ಮಲ್ಲಿ ಅವರ ಬಗ್ಗೆ ಬರುವ ಬರಹಗಳು ಸಾಮಾನ್ಯವಾಗಿ 1977ರಿಂದ, ಅಂದರೆ ಅವರು ಇಸ್ಲಾಮ್ ಸ್ವೀಕರಿಸಿದಲ್ಲಿಂದ ಶುರುವಾಗುತ್ತವೆ. ಪಾಶ್ಚಾತ್ಯ ಸಂಗೀತದ ಅಭಿಮಾನಿಗಳು ಬರೆದದ್ದು ಬಹುಪಾಲು ಅಲ್ಲಿಗೇ ಮುಗಿದುಹೋಗುತ್ತದೆ. ಎರಡೂ ಅರ್ಧ ಕಥೆಗಳು.

1948ರ ಜುಲೈ 21ರಂದು ಹುಟ್ಟಿದ ಅವರ ಮೂಲ ಹೆಸರು ಸ್ಟೀವನ್ ಡಿಮಿಟ್ರಿ ಜಾರ್ಜಿಯೊ. ತಂದೆ ಸೈಪ್ರಸ್ಸಿನ ಗ್ರೀಕರು, ತಾಯಿ ಸ್ವೀಡನ್ನಿನವರು. ನಾಟಕ ಮಂದಿರಗಳು ತುಂಬಿದ್ದ ಲಂಡನ್ನಿನ ಪೇಟೆಯಲ್ಲಿ ಅವರದೊಂದು ಹೋಟೆಲು, ಮಹಡಿಯ ಮೇಲೆ ಮನೆ. ಹುಡುಗ ಹೋಟೆಲಿನ ಕೆಲಸಕ್ಕೆ ಕೈಹಚ್ಚುತ್ತಲೇ ಬೆಳೆದ. ಮೊದಲ ಹಾಡುಗಳು ಗೆದ್ದಾಗ ರೆಕಾರ್ಡ್ ಕಂಪೆನಿ ಅವನಿಗೆ ಝಗಝಗಿಸುವ ಬಟ್ಟೆ ತೊಡಿಸಿತು, ದನಿಯ ಹಿಂದೆ ದೊಡ್ಡ ವಾದ್ಯಮೇಳ ನಿಲ್ಲಿಸಿತು. ಜಿಮಿ ಹೆಂಡ್ರಿಕ್ಸ್‌ನಂಥವರ ಜೊತೆ ಊರೂರು ಸುತ್ತಿಸಿತು. ಆ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಬೀಟ್ ಸಂಗೀತ ಹಾಡಿಕೊಂಡಿದ್ದ ಕೊಡವ ತರುಣ ಬಿದ್ದು ಕೂಡ ಅದೇ ಸಂತೆಯನ್ನು ಹುಡುಕಿಕೊಂಡು ಲಂಡನ್ನಿಗೆ ಹೋದರು. ಅಲ್ಲಿ ಡಿಸ್ಕೊ ಸಂಗೀತದ ದೊಡ್ಡ ಹೆಸರಾದರು. ಸಂತೆ ಕೆಲವರಿಗೆ ಒಗ್ಗುತ್ತದೆ. ಸ್ಟೀವನ್ಸ್‌ಗೆ ಒಗ್ಗಲಿಲ್ಲ. ನಿದ್ದೆಗೆಟ್ಟು, ಕುಡಿದು, ಸೊರಗಿದ ದೇಹಕ್ಕೆ 1968ರಲ್ಲಿ ಕ್ಷಯ ತಗುಲಿತು. ಆಗ ಇಪ್ಪತ್ತೂ ತುಂಬಿರಲಿಲ್ಲ.

ಸಸೆಕ್ಸ್‌ನ ಆಸ್ಪತ್ರೆಯೊಂದರಲ್ಲಿ ತಿಂಗಳುಗಟ್ಟಲೆ, ಆಮೇಲೆ ಮನೆಯಲ್ಲಿ ಸುಮಾರು ಒಂದು ವರ್ಷದ ವಿಶ್ರಾಂತಿ. ಧ್ಯಾನ, ಬೇರೆ ಬೇರೆ ಧರ್ಮಗಳ ಓದು, ಮತ್ತೆ ಹಾಡು ಬರೆಯುವುದು. ಇದು ಮೊದಲ ಮೌನ. ಇದರಿಂದ ಎದ್ದು ಬಂದವನು ಬೇರೆಯೇ ಹಾಡುಗಾರನಾಗಿದ್ದ. ವಾದ್ಯಮೇಳ ಹೋಯಿತು, ಎರಡು ಗಿಟಾರು, ಒಂದಿಷ್ಟು ತಾಳ, ಹತ್ತಿರ ಕುಳಿತು ಮಾತಾಡುವಂಥ ದನಿ ಉಳಿಯಿತು. 1970ರ ನವೆಂಬರಿನಲ್ಲಿ ಬಂದ 'ಟೀ ಫಾರ್ ದ ಟಿಲ್ಲರ್‌ಮನ್' ಎಂಬ ಧ್ವನಿಮುದ್ರಿಕೆಯ ಹೊದಿಕೆಯ ಚಿತ್ರವನ್ನೂ ಅವರೇ ಬರೆದರು. ಅದರ ಮೊದಲ ಹಾಡು ರಸ್ತೆಗಳನ್ನು, ಗಗನಕ್ಕೇರುವ ಕಟ್ಟಡಗಳನ್ನು ನೋಡುತ್ತ, ಮಕ್ಕಳು ಇನ್ನು ಎಲ್ಲಿ ಆಡಬೇಕು ಎಂದು ಕೇಳುತ್ತದೆ. ನಮ್ಮ ಚಂದಾಪುರದ ಕೆರೆ ಕೊಳಚೆಯಿಂದ ಹಾಳಾದದ್ದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ರಾಜ್ಯ ಸರಕಾರದ ಮೇಲೆ 500 ಕೋಟಿ ರೂಪಾಯಿ ಪರಿಹಾರ ಹೇರಿತ್ತು. ಆ ಸುದ್ದಿ ಓದಿದ ದಿನ ನಮಗೆ ನೆನಪಾದದ್ದು ಇದೇ ಹಾಡು.

ಅದರಲ್ಲೇ ಇರುವ 'ಫಾದರ್ ಆಂಡ್ ಸನ್' ತಂದೆ-ಮಗನ ಸಂವಾದ. ಇದು ಮೊದಲು ರಷ್ಯಾದ ಕ್ರಾಂತಿಯನ್ನು ಕುರಿತ ಸಂಗೀತ ನಾಟಕವೊಂದಕ್ಕೆಂದು ಹುಟ್ಟಿದ್ದು. ಮಗ ಕ್ರಾಂತಿಗೆ ಸೇರಲು ಹೊರಟಿದ್ದಾನೆ, ರೈತನಾದ ತಂದೆ ಇಲ್ಲೇ ಇರು ಎನ್ನುತ್ತಾನೆ. ಕಾಯಿಲೆಯಿಂದಾಗಿ ನಾಟಕ ಆಗಲೇ ಇಲ್ಲ, ಹಾಡು ಉಳಿಯಿತು. ಕ್ರಾಂತಿ ಕಳಚಿಹೋದದ್ದರಿಂದ ಅದು ಎಲ್ಲ ಮನೆಗಳ ಹಾಡಾಯಿತು. ರಾಯಚೂರು, ಕಲಬುರಗಿ ಕಡೆಯಿಂದ ಬಂದು ಇಲ್ಲಿನ ಬಾಡಿಗೆ ಕೋಣೆಗಳಲ್ಲಿರುವ ಹುಡುಗರಲ್ಲಿ ಎಷ್ಟು ಮಂದಿ ಊರು ಬಿಡುವ ಮುನ್ನ ಅಪ್ಪನೊಡನೆ ಇದೇ ಮಾತು ಆಡಿ ಬಂದಿಲ್ಲ? ಹೊರಗೆ ಮೃದು, ಒಳಗೆ ಇಬ್ಬರೂ ಸೋಲದ ಮಾತು.

ಇದನ್ನು ಜನಪದ ಎನ್ನಬಹುದೇ ಎಂದು ಯಾರಾದರೂ ತಕರಾರು ತೆಗೆಯಬಹುದು. ಹಳ್ಳಿಯಲ್ಲಿ ಸಂಗ್ರಹಿಸಿದ್ದಲ್ಲ, ನಿಜ. ಆದರೆ ಬರೆದವನ ಹೆಸರು ಮರೆತುಹೋಗಿ ಹಾಡು ಮಾತ್ರ ಜನರ ಬಾಯಲ್ಲಿ ಉಳಿಯುವುದೇ ಜನಪದದ ಗುಣವೆಂದು ನಾವು ತಿಳಿದಿದ್ದೇವೆ. 1971ರಲ್ಲಿ ಅವರು ಹಾಡಿದ 'ಮಾರ್ನಿಂಗ್ ಹ್ಯಾಸ್ ಬ್ರೋಕನ್' ಸ್ಕಾಟ್ಲೆಂಡಿನ ಹಳೆಯ ಧಾಟಿಗೆ ಎಲೆನರ್ ಫಾರ್ಜನ್ ಎಂಬಾಕೆ 1931ರಲ್ಲಿ ಪದ ಹೊಂದಿಸಿದ ಪ್ರಾರ್ಥನಾಗೀತೆ. ಅನೇಕರು ಅದನ್ನು ಇವರದೇ ಎಂದುಕೊಂಡಿದ್ದಾರೆ.

ಎರಡನೆಯ ಮೌನ ಇದಕ್ಕಿಂತ ಉದ್ದದ್ದು, ಕಷ್ಟದ್ದು. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಮಾಲಿಬು ಕಡಲಿನಲ್ಲಿ ಮುಳುಗುವ ಹಂತಕ್ಕೆ ಹೋಗಿ ಬದುಕಿದರು. ಜೆರುಸಲೇಮಿಗೆ ಹೋಗಿಬಂದ ಅಣ್ಣ ಡೇವಿಡ್ ಕುರ್‌ಆನ್ ಕೊಟ್ಟರು. 1977ರ ಡಿಸೆಂಬರಿನಲ್ಲಿ ಕಲಿಮಾ ಹೇಳಿದರು. ಮರುವರ್ಷ ಯೂಸುಫ್ ಎಂಬ ಹೆಸರು ಹಿಡಿದರು. ಮಾರುಕಟ್ಟೆಯಲ್ಲಿ ಮಾರಾಟವಾದ ಯೂಸುಫರ ಕಥೆಯಲ್ಲಿ ಅವರಿಗೆ ತಮ್ಮದೇ ಕಥೆ ಕಂಡಿತು. 1979ರ ಕೊನೆಯಲ್ಲಿ ಯುನಿಸೆಫ್‌ಗಾಗಿ ಒಂದು ಕಛೇರಿ ನಡೆಸಿ ವೇದಿಕೆ ಬಿಟ್ಟರು, ಗಿಟಾರುಗಳನ್ನು ಮಾರಿ ಹಣ ದಾನ ಕೊಟ್ಟರು. ಮೊದಲು ವಿಚಾರಿಸಿದ ಇಮಾಮರು ಹಾಡಬೇಡ ಎಂದಿರಲಿಲ್ಲವೆಂದು ಅವರೇ ಮುಂದೆ ಹೇಳಿದ್ದಾರೆ. ಬೇರೆಯವರು ವಾದ್ಯ ಸಲ್ಲದು ಎಂದರು. ಸಂಶಯದ ದಾರಿಗಿಂತ ಬಿಡುವುದೇ ಮೇಲೆಂದು ಅವರು ಬಿಟ್ಟರು.

ನಮ್ಮ ಮೊಹಲ್ಲಾಗಳಲ್ಲಿ ಕಂಠ ಚೆನ್ನಾಗಿರುವ ಹುಡುಗನಿಗೆ ಇಂದಿಗೂ ಎದುರಾಗುವ ಪ್ರಶ್ನೆ ಇದು. ಉಲೇಮಾಗಳಲ್ಲೇ ಇದರ ಬಗ್ಗೆ ಒಂದೇ ಮಾತಿಲ್ಲ. ಫತ್ವಾ ಕೊಡುವ ಅಧಿಕಾರ ನಮಗಿಲ್ಲ, ಆದರೆ ಕನ್ನಡದ ಮುಸ್ಲಿಮರಾಗಿ ಒಂದು ಸಾಕ್ಷ್ಯವನ್ನು ಮುಂದಿಡಬಹುದು. ಶಿಶುನಾಳ ಶರೀಫರು (1819-1889) ಮೊಹರಮ್ಮಿನ ಅಲಾವಿಗೆ ರಿವಾಯತ್ ಪದ ಕಟ್ಟಿದರು, ಗುರು ಗೋವಿಂದಭಟ್ಟರ ಶಿಷ್ಯರಾಗಿ ತತ್ವಪದ ಕಟ್ಟಿದರು. ಏಕತಾರಿಯನ್ನು ಕೆಳಗಿಡಬೇಕೆಂದು ಅವರಿಗೆ ಅನಿಸಲಿಲ್ಲ. ಉರ್ದುವಿನಲ್ಲಿ ಸಾಜ್ ಎಂದರೆ ವಾದ್ಯ, ಸೋಜ್ ಎಂದರೆ ಒಳಗಿನ ಉರಿ. ಶರೀಫರಲ್ಲಿ ಇವೆರಡೂ ಬೇರೆಯಾಗಲೇ ಇಲ್ಲ.

ಹಾಗೆಂದು ಯೂಸುಫರ ಆ ವರ್ಷಗಳನ್ನು ಬರಡು ಎನ್ನಲಾಗದು. 1983ರಲ್ಲಿ ಲಂಡನ್ನಿನಲ್ಲಿ ಇಸ್ಲಾಮಿಯಾ ಶಾಲೆ ತೆರೆದರು. 1998ರಲ್ಲಿ ಅದು ಬ್ರಿಟನ್ನಿನಲ್ಲಿ ಸರಕಾರಿ ಅನುದಾನ ಪಡೆದ ಮೊದಲ ಮುಸ್ಲಿಮ್ ಶಾಲೆಯಾಯಿತು. 1989ರಲ್ಲಿ ರಶ್ದಿ ಪ್ರಕರಣದಲ್ಲಿ ಅವರಾಡಿದ ಮಾತುಗಳು ದೊಡ್ಡ ಗದ್ದಲವೆಬ್ಬಿಸಿದವು. ಕೊಲೆಯ ಕರೆಯನ್ನು ತಾವು ಬೆಂಬಲಿಸಿಲ್ಲವೆಂದು ಅವರು ಹೇಳುತ್ತ ಬಂದರೂ ಕಲೆ ಪೂರ್ತಿ ಹೋಗಲಿಲ್ಲ. ಆ ಮಾತುಗಳು ನಮಗೂ ಹಿಡಿಸಿದವಲ್ಲ. 2004ರ ಸೆಪ್ಟೆಂಬರಿನಲ್ಲಿ ಅವರಿದ್ದ ವಿಮಾನವನ್ನು ಅಮೆರಿಕ ಅರ್ಧ ದಾರಿಯಲ್ಲಿ ಇಳಿಸಿ ಅವರನ್ನು ವಾಪಸು ಕಳಿಸಿತು. ಅದೇ ವರ್ಷ ರೋಮಿನಲ್ಲಿ ಅವರಿಗೆ ಶಾಂತಿ ಪುರಸ್ಕಾರ ಸಿಕ್ಕಿತು.

ಗಿಟಾರನ್ನು ಮನೆಗೆ ಮರಳಿ ತಂದವನು ಮಗ. ಒಂದು ಬೆಳಗಿನ ಜಾವ ಫಜ್ರ್ ನಮಾಜಿನ ನಂತರ, ಮನೆಯವರೆಲ್ಲ ಮಲಗಿದ್ದಾಗ, ತಂದೆ ಅದನ್ನು ಎತ್ತಿಕೊಂಡರು. ಬೆರಳುಗಳು ಮರೆತಿರಲಿಲ್ಲ. 2006ರಲ್ಲಿ 'ಆನ್ ಅದರ್ ಕಪ್' ಬಂತು, 28 ವರ್ಷಗಳ ಮೇಲೆ. ಅಂದಿನ ಟೀಯ ಇನ್ನೊಂದು ಬಟ್ಟಲು ಎಂಬಂತಿತ್ತು ಹೆಸರು.

2020ರಲ್ಲಿ, ಐವತ್ತು ವರ್ಷವಾದ ನೆನಪಿಗೆ, ಅವರು 'ಟೀ ಫಾರ್ ದ ಟಿಲ್ಲರ್‌ಮನ್'ನ ಎಲ್ಲ ಹಾಡುಗಳನ್ನೂ ಹೊಸದಾಗಿ ಮುದ್ರಿಸಿದರು. ಹಳೆಯದರಲ್ಲಿ ತಂದೆಯ ತಗ್ಗಿದ ದನಿ, ಮಗನ ಏರಿದ ದನಿ ಎರಡೂ ಒಬ್ಬನೇ ತರುಣನವಾಗಿದ್ದವು. ಹೊಸದರಲ್ಲಿ ತಂದೆಯ ಸಾಲುಗಳನ್ನು ಎಪ್ಪತ್ತು ದಾಟಿದ ಯೂಸುಫ್ ಹಾಡಿದ್ದಾರೆ. ಮಗನ ಸಾಲುಗಳಿಗೆ 1970ರಲ್ಲಿ ಲಾಸ್ ಏಂಜಲಿಸ್‌ನ ಟ್ರೂಬಡೂರ್ ಎಂಬ ಸಂಗೀತ ಕ್ಲಬ್ಬಿನಲ್ಲಿ ಮುದ್ರಿಸಿದ್ದ ತಮ್ಮದೇ ಇಪ್ಪತ್ತೆರಡರ ದನಿಯನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ.